ನಮ್ಮ ಭಾವ ತೆಗೆದುಹಾಕಿದ ಪ್ಯಾಕೇಜು

ನೋಡಿಕೊಳ್ಳುವವರಿಲ್ಲದ ಯಾವ ವಸ್ತುವೂ ನಮ್ಮ ಭಾವನ ಕೈಯಲ್ಲಿ ಉಳಿದದ್ದಿಲ್ಲ. ನಾನು ಇನ್ನೂ ಉಳಿದಿರುವುದು ಅಕ್ಕ ನನ್ನ ಜವಾಬ್ದಾರಿ ಹೊತ್ತಿರುವುದರಿಂದ ಮಾತ್ರ!

ಹೇಳಿಕೊಳ್ಳಲು ಅವರದು ನ್ಯಾಮತಿಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿ. ಆದರೆ ಜೀವವಿರುವುದು ಬೇರೆ ಕೆಲಸದಲ್ಲಿ. ಇಂಟರ್ನೆಟ್ಟಿನಲ್ಲಿ ಮುಕ್ತ ತಂತ್ರಾಂಶಗಳ ದೊಡ್ಡ ಕಣಜವೊಂದಿದೆ. ಪ್ಯಾಕೇಜು ಎಂದು ಕರೆಯುವ ಸಾವಿರಾರು ತಂತ್ರಾಂಶಗಳು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಬರೆದವರು ಬಿಟ್ಟುಹೋದ, ವರ್ಷಗಟ್ಟಲೆ ಯಾರೂ ತಿದ್ದದ ಪ್ಯಾಕೇಜುಗಳನ್ನು ಹುಡುಕಿ ಅಲ್ಲಿಂದ ತೆಗೆಯುವ ಸ್ವಯಂಸೇವಕರಲ್ಲಿ ಭಾವನೂ ಒಬ್ಬರು. ಸಂಬಳ? ಇಲ್ಲ. ಮರ್ಯಾದೆ? ಅದಂತೂ ಇಲ್ಲವೇ ಇಲ್ಲ!

ಒಮ್ಮೆ ಹೊನ್ನಾಳಿ ಕಡೆಯ ಹಿರಿಯರೊಬ್ಬರು ಅಂಗಡಿಗೆ ಬಂದರು.

"ಕಾರ್ಡ್ ಆತೇನ್ರೀ?"

"ಕೂತ್ಕಳ್ರಿ ಯಜಮಾನ್ರೇ. ಇವತ್ತು ಎರಡು ಅನಾಥ ಸಿಕ್ಕಾವೆ. ಮುಗಿಸಿ ಬರ್ತೀನಿ."

ಹಿರಿಯರು ಕೂರಲಿಲ್ಲ. ಬಾಗಿಲವರೆಗೂ ಹಿಂದುಹಿಂದಕ್ಕೇ ನಡೆದು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟುಹೋದರು. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಮನೆಯಲ್ಲೂ ಅದೇ ವಿಚಾರಣೆ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಕೆಳಗಿಳಿಸಿ ಕೇಳಿದರು: "ಇದನ್ನ ನೋಡ್ಕಳೋರು ಯಾರು?"

"ದಿನಾ ನೀವೇ ತಿಂತೀರಲ್ರೀ!" ಎಂದಳು ಅಕ್ಕ.

"ತಿನ್ನೋರು ಬೇರೆ, ನೋಡ್ಕಳೋರು ಬೇರೆ. ಬೂಷ್ಟು ಬಂದ್ರೆ ಯಾರ್ ಜವಾಬ್ದಾರಿ?"

ಪ್ಯಾಕೇಜುಗಳ ವಿಷಯದಲ್ಲೂ ಇದೇ ನ್ಯಾಯ. ನೋಡಿಕೊಳ್ಳುವವರಿಲ್ಲದ್ದರಲ್ಲಿ ತೂತು ಬೀಳುತ್ತದೆ, ಆ ತೂತಿನಿಂದ ಕಳ್ಳರು ಕಂಪ್ಯೂಟರಿನೊಳಗೆ ನುಗ್ಗುತ್ತಾರೆ. ದೂರದ ದೇಶದವರೊಬ್ಬರು, "ಇದನ್ನು ತೆಗೆಯಬೇಡಿ, ದಿನವೂ ಬಳಸುತ್ತೇನೆ" ಎಂದು ಸಿಟ್ಟಿನಿಂದ ಬರೆದರು. "ಸಂತೋಷ, ನಾಳೆಯಿಂದ ನೀವೇ ನೋಡಿಕೊಳ್ಳಿ" ಎಂದು ಭಾವ ಉತ್ತರಿಸಿದರು. ಆಸಾಮಿ ಮತ್ತೆ ಪತ್ತೆಯಿಲ್ಲ!

ಇಂಥವರ ಮುಂದೆ ಒಂದು ದಿನ ಆ ಪ್ಯಾಕೇಜು ಬಂತು. ಹಳೆಯ ಕನ್ನಡ ಫಾಂಟಿನ ಫೈಲುಗಳನ್ನು ಈಗಿನ ಅಕ್ಷರಕ್ಕೆ ತಿರುಗಿಸಿಕೊಡುವ ಪುಟ್ಟ ತಂತ್ರಾಂಶ. ಭಾವನ ಅಂಗಡಿ ನಿಂತಿದ್ದೇ ಅದರ ಮೇಲೆ. ಅಣ್ಣನ ಕಾರ್ಡಿನ ಹಾಗೇ ತಮ್ಮನದೂ ಬೇಕೆಂದು ಯಾರಾದರೂ ಬಂದರೆ, ಹಳೆಯ ಫೈಲು ಓದಿಕೊಡುತ್ತಿದ್ದದ್ದು ಅದೊಂದೇ. ಅದರಲ್ಲೀಗ ತೂತು ಕಂಡಿತ್ತು. ಕಣಜದಿಂದ ತೆಗೆದದ್ದನ್ನು ಭಾವ ತಮ್ಮ ಅಂಗಡಿಯಲ್ಲೂ ಉಳಿಸಿಕೊಳ್ಳುವವರಲ್ಲ. ಬರೆದವರಿಗೆ ಮೇಲ್ ಹಾಕಿದರೆ ಉತ್ತರವಿಲ್ಲ.

"ನೀವೇ ರಿಪೇರಿ ಮಾಡ್ರಿ ಭಾವ," ಎಂದೆ.

"ನಂಗೆ ಕೆಡವಾಕೆ ಬರ್ತೈತೆ, ಕಟ್ಟಾಕೆ ಬರಲ್ಲ ಮಾರಾಯ."

ಬರೆದವರ ಊರು ಜಗಳೂರು ಎಂದು ಪ್ಯಾಕೇಜಿನಲ್ಲಿತ್ತು. ಕೈಗೆಟುಕುವಷ್ಟು ಹತ್ತಿರ ಇರುವವರನ್ನು ಮುಖಾಮುಖಿ ಕೇಳದೆ ತೆಗೆಯುವುದು ಭಾವನ ಪದ್ಧತಿಯಲ್ಲ. ಬೈಕ್ ಹತ್ತಿದೆವು. ದಾರಿಯುದ್ದಕ್ಕೂ, "ಅವರು ರಿಪೇರಿ ಮಾಡಿಕೊಟ್ರೆ ಸಾಕು" ಎಂದು ಹೆಲ್ಮೆಟ್ಟಿನೊಳಗೇ ಗೊಣಗುತ್ತಿದ್ದರು.

ವಿಚಾರಿಸುತ್ತ ಹೋದರೆ ಬಾಗಿಲು ತೆರೆದವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಡಂ. ಗೋಡೆ ಹಿಡಿದು ನಡೆದು ಬಂದು ಕುರ್ಚಿ ತಡವಿ ಕೂತರು. ಪ್ಯಾಕೇಜು ಬರೆದ ಅವರಿಗೆ ಮೇಲ್ ಹಾಕಿದ್ದನ್ನು ಭಾವ ಹೇಳಿದರು.

"ಸಕ್ಕರೆ ಕಾಯಿಲೆ ಕಣ್ಣು ತಗಂಡು ಹೋತು ನೋಡ್ರಿ. ಮೇಲ್ ಹೆಂಗೆ ಓದ್ಲಿ? ಏನಾಗೈತೆ ಹೇಳ್ರಿ."

ಭಾವ ತೂತಿನ ವಿಷಯ ಹೇಳಿದರು. ಮೇಡಂ ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ತೆಗೀರಿ."

ಆಗ ನಮ್ಮ ಭಾವನೇ ಆಡಿದರು ಈ ಮಾತು: "ಇದ್ರೆ ಇರ್ಲಿ ಬಿಡ್ರಿ ಮೇಡಂ! ದಿನಾ ಬಳಸ್ತೀನಿ ನಾನು!"

"ನೀವು ಬಳಸ್ತೀರಿ ಅಂತ ಇನ್ನೊಬ್ಬರ ಮನೆಗೆ ಕಳ್ಳರು ನುಗ್ಗಬೇಕೇನ್ರೀ? ಸರಿ ಮಾಡೋಣ ಅಂದ್ರೆ ನಂಗೆ ಕಾಣಲ್ಲ. ಈಗ್ಲೇ ತೆಗೀರಿ, ನನ್ನೆದುರಿಗೇ. ನಾಳೆ ಅಂದ್ರೆ ನೀವೂ ತೆಗೆಯಲ್ಲ, ನಾನೂ ತೆಗೆಯಾಕೆ ಬಿಡಲ್ಲ."

ಭಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರು. ತೆಗೆಯುವಾಗ ಕಾರಣ ಬರೆಯಲು ಅಲ್ಲೊಂದು ಸಾಲಿನ ಜಾಗವಿರುತ್ತದೆ. ಭಾವ ಟೈಪ್ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. ಆಮೇಲೆ ಕೀಲಿ ಒತ್ತಿದರು.

"ಆತಾ?"

"ಆತು ಮೇಡಂ."

"ಏನಂತ ಬರೆದ್ರಿ?"

ಭಾವ ಓದಿದರು. "ಬರೆದವರು ಇದನ್ನು ಮನೆಗೆ ಕರೆಸಿಕೊಂಡಿದ್ದಾರೆ."

"ಇನ್ನೊಂದ್ಸಲ ಓದ್ರಿ."

ಭಾವ ಮತ್ತೆ ಓದಿದರು. ಮೇಡಂ ಕೇಳುತ್ತಲೇ ಮೇಜಿನ ಮೇಲೆ ಬೆರಳಾಡಿಸಿ, ಲ್ಯಾಪ್‌ಟಾಪನ್ನು ಹುಡುಕಿಕೊಂಡು, ಬೆಚ್ಚಗಿದ್ದ ಅದರ ಮೈಮೇಲೆ ಅಂಗೈ ಇಟ್ಟರು.