ಹೊಗೆಯಿಲ್ಲದ ಕಾರಿಗೆ ಹೊಗೆಕೊಳವೆ

ಲಿನ್‌ಶಾ ತಾಲ್ಲೂಕಿನಲ್ಲಿ ವಿದ್ಯುತ್ ವಾಹನಗಳ ಯುಗವು ಹೊಸವರ್ಷದ ರಜೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಆರಂಭವಾಗತಕ್ಕದ್ದೆಂದು ಆದೇಶವಾಗಿತ್ತು, ಅದರಂತೆ ಆರಂಭವಾಯಿತು.

ಇದರಿಂದ ಬದುಕು ಕೆಟ್ಟವನು ಚೀ ಎಂಬ ಮೇಸ್ತ್ರಿ ಒಬ್ಬನೇ. ಸೈಲೆನ್ಸರ್ ಬೆಸೆಯುವುದರಲ್ಲಿ ಅವನನ್ನು ಮೀರಿಸುವವರು ಯಾಂಗ್ಟ್ಸೆ ನದಿಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಅವನ ಕೊಳವೆ ಹಾಕಿಸಿಕೊಂಡ ಲಾರಿ ಪಕ್ಕದಲ್ಲೇ ಹಾದುಹೋದರೂ ಬೀದಿಬೆಕ್ಕು ಕಣ್ಣು ಬಿಡುತ್ತಿರಲಿಲ್ಲ. ಈಗ ಹೊಗೆಯೇ ಇಲ್ಲದ ಮೇಲೆ ಕೊಳವೆ ಯಾರಿಗೆ ಬೇಕು? ಮೂವತ್ತು ದಿನದೊಳಗೆ ಕಾರ್ಖಾನೆ ಮುಚ್ಚಬೇಕೆಂದು ನೋಟೀಸು ಬಂತು. ಇನ್ನಷ್ಟು ಗಡುವು ಬೇಡಲು ಮೇಸ್ತ್ರಿ ಒಂದು ಡಬ್ಬಿ ಒಳ್ಳೆಯ ಚಹಾಸೊಪ್ಪು ಹಿಡಿದು, ನೋಟೀಸು ಕಳಿಸಿದ್ದ ವಾಹನ ತಪಾಸಣಾ ಕೇಂದ್ರಕ್ಕೆ ಹೋದ.

ಅಲ್ಲಿ ಹುವೋ ಎಂಬ ಟ್ಯಾಕ್ಸಿಯವಳು ಜಗಳಕ್ಕೆ ನಿಂತಿದ್ದಳು. ಅವಳ ಹೊಚ್ಚ ಹೊಸ ವಿದ್ಯುತ್ ಕಾರು ಹೊಗೆ ತಪಾಸಣೆಯಲ್ಲಿ ನಪಾಸಾಗಿತ್ತು.

"ಇದು ಹೊಗೇನೇ ಬಿಡಲ್ವಲ್ಲ ಸಾಹೇಬ್ರೇ."

"ಅದು ನಂಗೂ ಗೊತ್ತಮ್ಮ," ಎಂದರು ಕೇಂದ್ರದ ಮುಖ್ಯಸ್ಥ ಗೆಂಗ್ ಸಾಹೇಬರು, ಫ್ಲಾಸ್ಕಿನ ಬಿಸಿನೀರು ಹೀರುತ್ತ. "ಅಳೀದೆ ಸೊನ್ನೆ ಅಂತ ಬರೆದ್ರೆ ಸುಳ್ಳು ದಾಖಲೆ ಆಗುತ್ತೆ. ಅಳೀಬೇಕಂದ್ರೆ ಈ ಕಡ್ಡೀನ ಕೊಳವೆಯೊಳಗೆ ಒಂದು ಮೊಳ ತೂರಿಸ್ಬೇಕು. ಕೊಳವೆ ಎಲ್ಲಿ?"

ಹುವೋ ಕಾರಿನ ಹಿಂಭಾಗ ನೋಡಿದಳು. ಮೇಸ್ತ್ರಿಯೂ ನೋಡಿದ, ಅವನ ಮುಖ ಅರಳಿತು.

"ಅರ್ಧ ಗಂಟೆ ಕೊಡಿ ಸಾಹೇಬ್ರೇ. ನನ್ನ ಕೊಳವೆ ಹಾಕಿದ್ಮೇಲೆ ಈ ಕಾರು ಸದ್ದೇ ಮಾಡಲ್ಲ, ಬೇಕಾದ್ರೆ ಬರ್ಕೊಡ್ತೀನಿ."

ಕೊಳವೆ ಬಂತು. ಯಂತ್ರ ಮಾತ್ರ "ಪರೀಕ್ಷಿಸಲು ಗಾಳಿ ಇಲ್ಲ" ಎಂದು ಮುದ್ರಿಸಿತು. ಮೇಸ್ತ್ರಿ ಕೊಳವೆಯೊಳಗೊಂದು ಫ್ಯಾನು ಕೂರಿಸಿದ. ಫ್ಯಾನು ಬ್ಯಾಟರಿಯನ್ನೆಲ್ಲ ನುಂಗಿ, ಕಾರು ಓಟದ ಪರೀಕ್ಷೆಯಲ್ಲಿ ನಡುದಾರಿಯಲ್ಲೇ ಕೂತಿತು. ಕೊನೆಗೆ ಫ್ಯಾನಿಗೆಂದೇ ಡಿಕ್ಕಿಯಲ್ಲೊಂದು ಪುಟ್ಟ ಪೆಟ್ರೋಲ್ ಜನರೇಟರ್ ಇಟ್ಟ. ಅದರ ಹೊಗೆ ಹಿಂದಿನ ಕಿಟಕಿಯಿಂದ ಹೋಗುತ್ತಿತ್ತು; ಕಿಟಕಿಯನ್ನು ಅಳೆಯುವ ನಿಯಮವಿರಲಿಲ್ಲ. ಕೊಳವೆಯಲ್ಲಿ ಅಪ್ಪಟ ಸೊನ್ನೆ. ಸಾಹೇಬರು ಕೆಂಪು ಮೊಹರು ಒತ್ತಿದರು.

"ಪೆಟ್ರೋಲ್ ಸಹವಾಸ ಬೇಡ ಅಂತಾನೇ ಇದನ್ನ ತಗೊಂಡಿದ್ದು, ಮೇಸ್ತ್ರಿ," ಎಂದಳು ಹುವೋ ಕೆಮ್ಮುತ್ತ.

"ಕಾರಿಗೆ ಬೇಡಮ್ಮ. ಇದು ನಿಯಮಕ್ಕೆ."

ವಾರದೊಳಗೆ ಸುತ್ತೋಲೆ ಹೊರಟಿತು: "ಹೊಗೆ ಬಿಡದ ಪ್ರತಿಯೊಂದು ವಾಹನವೂ ತಾನು ಬಿಡದ ಹೊಗೆಯನ್ನು ಬಿಡಲು ಯೋಗ್ಯವಾದ ಕೊಳವೆಯನ್ನು ಹೊಂದಿರತಕ್ಕದ್ದು." ಮುಚ್ಚುವ ನೋಟೀಸು ರದ್ದಾಗಿ, ಮೇಸ್ತ್ರಿಯ ಕಾರ್ಖಾನೆಗೆ "ಆದರ್ಶ ಹಸಿರು ಉದ್ಯಮ" ಎಂಬ ಫಲಕ ಮಂಜೂರಾಯಿತು.

ಫಲಕ ತರಲು ಅವನು ತಪಾಸಣಾ ಕೇಂದ್ರಕ್ಕೆ ಸೈಕಲ್ ತುಳಿದುಕೊಂಡು ಹೋದ. ಗೇಟಿನ ಕಾವಲುಗಾರ ಬಗ್ಗಿ ಹಿಂಚಕ್ರ ನೋಡಿದ.

"ತಾತ, ಇದು ಹೊಗೆ ಬಿಡಲ್ಲ ತಾನೇ?"

"ಇಲ್ಲಪ್ಪ."

"ಮತ್ತೆ ಕೊಳವೆ ಎಲ್ಲಿ?"

ಮೇಸ್ತ್ರಿಗೆ ನಾಚಿಕೆಯಾಯಿತು. ನಿಯಮದಿಂದ ಅನ್ನ ತಿನ್ನುವವನೇ ನಿಯಮ ಮರೆತರೆ ಹೇಗೆ? ಮನೆಗೆ ಮರಳಿ, ಹೆಬ್ಬೆರಳ ಗಾತ್ರದ ಕೊಳವೆಯೊಂದನ್ನು ಸೈಕಲ್ಲಿಗೆ ಚೆಂದಾಗಿ ಬೆಸೆದುಕೊಂಡು ಮರುದಿನ ಬಂದ. ಫಲಕ ಸಿಕ್ಕಿತು. ಸೈಕಲ್ಲು ಮೊದಲಿಗಿಂತ ಎಷ್ಟೋ ಸದ್ದಿಲ್ಲದೆ ಓಡುತ್ತಿದೆಯೆಂದು ಗೆಂಗ್ ಸಾಹೇಬರು ಸಭೆಯಲ್ಲಿ ಹೊಗಳಿದರು. ಎಲ್ಲರೂ ಕಿವಿಗೊಟ್ಟು ಕೇಳಿ, ಹೌದೆಂದರು.