ಸೊರಟೂರ ಏರಿನ ಕರಿನಾಯಿಯವರ ಸನ್ನಿಧಾನಕ್ಕೆ

ಮಾನ್ಯ ಶ್ವಾನ ಮಹಾಶಯರೇ,

ತಾವೂ, ತಮ್ಮ ಯಜಮಾನರಾದ ಯಂಕಪ್ಪನವರೂ, ತಾವು ಕಾಯುವ ಅವರ ಹೊಲದ ಬದುವೂ ಕ್ಷೇಮವೆಂದು ನಂಬಿ, ಬೆಟಗೇರಿಯ ರವಿವಾರದ ಸೈಕಲ್ ಬಳಗದ ಅತಿ ನಿಧಾನದ ಸದಸ್ಯನಾದ ನಾನು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ ಈ ದೂರನ್ನು ತಮ್ಮ ಪಾದಗಳಿಗೆ, ನಾಲ್ಕಕ್ಕೂ, ಅರ್ಪಿಸುತ್ತಿದ್ದೇನೆ.

ನಮ್ಮ ಬಳಗದ ಕಾನೂನು ತಮಗೆ ತಿಳಿದಿರಲಿ. ಸೊರಟೂರ ದಾಟಿ ಗುಡ್ಡದ ಕಡೆ ಹೋಗುವ ಏರನ್ನು ಯಾರು ಕಡೆಗೆ ಹತ್ತುತ್ತಾರೋ, ಮುಂದಿನ ರವಿವಾರ ಎಲ್ಲರ ಬುತ್ತಿಯ ಗಂಟು ಅವರ ಕ್ಯಾರಿಯರ್ ಮೇಲೆ. ಗಂಟು ಹೊತ್ತವನು ಮತ್ತೆ ಕಡೆಗೇ ಬರುವುದರಿಂದ, ಹನ್ನೊಂದು ರವಿವಾರಗಳ ಕಾಲ ಅದು ಗಂಡನ ಮನೆ ಬೇಡವೆಂದ ಮಗಳಂತೆ ನನ್ನನ್ನು ಬಿಟ್ಟು ಕದಲಲಿಲ್ಲ. ಅರವತ್ತು ದಾಟಿದ ನೇಕಾರ ಪುಂಡಲೀಕಪ್ಪನವರು ಕೂಡ ನನಗಿಂತ ಮೊದಲು ಮೇಲೆ ಮುಟ್ಟಿ, ಎಲೆ-ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು. ನನಗದು ಅವಮಾನವೆನಿಸಲಿಲ್ಲ. ದಣಿವಾರಿಸಿಕೊಳ್ಳಲು ನಡುದಾರಿಯಲ್ಲಿ ನಿಂತಾಗಲೆಲ್ಲ ಗಂಟು ಒಂದಿಷ್ಟು ಹಗುರಾಗುತ್ತಿತ್ತೆಂಬ ಸಂಗತಿ ನಮ್ಮಿಬ್ಬರ ನಡುವೆಯೇ ಇರಲಿ.

ಹೀಗೆ ಸುಖವಾಗಿದ್ದ ನನ್ನ ಹಿಂದೆ ತಾವು ಕಳೆದ ರವಿವಾರ ಏಕೆ ಬಿದ್ದಿರಿ? ಗಂಟಿನ ಮೇಲೆ ಕಟ್ಟಿದ್ದ ನಮ್ಮ ಅಮ್ಮಿ ದಿಲಶಾದಬಿಯವರ ಖೀಮಾದ ಡಬ್ಬಿಯ ವಾಸನೆಗೆ ಎಂಬುದು ಈಗ ಗೊತ್ತಾಗಿದೆ. ಯಂಕಪ್ಪನವರು ಬದುವಿನ ಮೇಲೆ ನಿಂತು, "ಏ ತಮ್ಮಾ, ಓಡಬ್ಯಾಡೋ! ಅದು ಕಚ್ಚಂಗಿಲ್ಲ, ಬುತ್ತಿ ಕೇಳಾಕ ಬರಾಕತ್ತೈತಿ!" ಎಂದು ಕೂಗಿದ್ದು ಖರೆ, ಆದರೆ ಅದು ಕಿವಿಗೆ ಬೀಳುವಷ್ಟರಲ್ಲಿ ನಾನು ಗಿಯರಿಲ್ಲದ ಸೈಕಲ್ಲಿನ ಮೇಲೆ ಪುಂಡಲೀಕಪ್ಪನವರನ್ನು ದಾಟಿ, ಗಿಯರ್ ಸೈಕಲ್ಲಿನ ನಮ್ಮ ಮುಖಂಡ ಅಯ್ಯೂಬಣ್ಣನನ್ನೂ ದಾಟಿ, ಎಲ್ಲರಿಗಿಂತ ಮೊದಲು ಏರಿನ ನೆತ್ತಿಯ ಮೇಲಿದ್ದೆ. ಮುಂದೆ ಹೋದ ನನ್ನನ್ನೇ ಮತ್ತೆ ಮತ್ತೆ ನೋಡುವ ಗಡಿಬಿಡಿಯಲ್ಲಿ ಚೈನು ಕಳಚಿಕೊಂಡ ಅಯ್ಯೂಬಣ್ಣ ಕಡೆಗೆ ಬಂದರು.

ತಾವೋ ಶಿಸ್ತಿನವರು, ಹೊಲದ ಗಡಿ ಮುಗಿಯುತ್ತಲೇ, ಮುಂದಿನವರು ಹೊರಳಿ ನೋಡುವ ಮೊದಲೇ, ತಿರುಗಿ ಹೋದಿರಿ. ತಮ್ಮನ್ನು ಬಳಗದವರು ಯಾರೂ ನೋಡಲಿಲ್ಲ. ಎಲ್ಲ ಅನಾಹುತಕ್ಕೂ ಅದೇ ಮೂಲ.

"ಲೇ ಶಾಬಾಜ್ಯಾ, ಇಷ್ಟ ದಿನಾ ಈ ಕಾಲು ಎಲ್ಲಿ ಮುಚ್ಚಿಟ್ಟಿದ್ದಿಲೇ?" ಎಂದು ಅಯ್ಯೂಬಣ್ಣ ಬೆನ್ನು ಚಪ್ಪರಿಸಿದರು. "ಬುತ್ತಿ ತನ್ನ ಕಡೆನ ಇರ್ಲಿ ಅಂತ ನಾಟಕಾ ಮಾಡತಿದ್ದನ್ರಿ ಇವಾ!" ಎಂದರು ಪುಂಡಲೀಕಪ್ಪನವರು. ನಾನು ಬಾಯಿ ತೆರೆದದ್ದು ನಿಜ ಹೇಳುವುದಕ್ಕೇ. ಉಸಿರು ಸಿಗದೆ ಮುಚ್ಚಿದೆ, ಉಸಿರು ಸಿಗುವಷ್ಟರಲ್ಲಿ ಹೊಗಳಿಕೆ ರುಚಿಸತೊಡಗಿತ್ತು. ಪರಿಣಾಮವಾಗಿ, ಬರುವ ರವಿವಾರ ಇದೇ ಏರಿನ ಮೇಲೆ ಮುಂಡರಗಿಯ ಬಳಗದೊಡನೆ ನಡೆಯುವ ಪಂದ್ಯಕ್ಕೆ ನಮ್ಮ ಕಡೆಯಿಂದ ನಾನೊಬ್ಬನೇ ಹುರಿಯಾಳು. ಅಮ್ಮಿ ಓಣಿಗೆಲ್ಲ ಖಬರ ಮುಟ್ಟಿಸಿದ್ದಾಳೆ. ನೋಡಲು ಬರುವವರಿಗೆ ಟ್ರ್ಯಾಕ್ಟರ್ ಕೂಡ ಗೊತ್ತುಮಾಡಿದ್ದಾರೆ.

ಮಹಾಶಯರೇ, ಕಾನೂನಿನ ಪ್ರಕಾರ ಬುತ್ತಿ ಇನ್ನು ಅಯ್ಯೂಬಣ್ಣನ ಪಾಲು. ತಾವು ವಾಸನೆ ಹಿಡಿದು ಅವರ ಹಿಂದೆ ಹೋದರೆ ಪಂದ್ಯದಲ್ಲಿಲ್ಲದವರೇ ಪಂದ್ಯ ಗೆಲ್ಲುತ್ತಾರೆ, ಮತ್ತು ನಾನು ಏರಿನ ನಡುವೆ ಸೈಕಲ್ ನೂಕುತ್ತ ಇಡೀ ಓಣಿಗೆ ಸಲಾಮು ಹೊಡೆಯಬೇಕಾಗುತ್ತದೆ. ಆದಕಾರಣ ತಾವು ಅಂದು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹಾಜರಿದ್ದು, ಖೀಮಾದ ಆಸೆಯಿಲ್ಲದೆ ಕೇವಲ ಕರ್ತವ್ಯನಿಷ್ಠೆಯಿಂದ, ಬೊಗಳದೆ, ಜನರ ಕಣ್ಣಿಗೂ ಬೀಳದೆ, ತಮ್ಮ ಕಾರ್ಯಕ್ಷೇತ್ರವನ್ನು ನೆತ್ತಿಯವರೆಗೆ ವಿಸ್ತರಿಸಿ ನನ್ನನ್ನೊಬ್ಬನನ್ನೇ ಅಟ್ಟಿಸಿಕೊಂಡು ಬರಬೇಕೆಂದು ಕೈಮುಗಿದು ಕೋರುತ್ತೇನೆ.

ಇಂತಿ, ತಮ್ಮ ಮುಂದೆ ಓಡುವ ಭಾಗ್ಯ ಪಡೆದ
ತಮ್ಮ ವಿಶ್ವಾಸಿ,
ಶಾಹಬಾಜ

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ಅಯ್ಯೂಬಣ್ಣನ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೆ. ಅವರು ಓದಿ, ನಕ್ಕು, "ಪಂದ್ಯದಾಗಿಂದ ಹೆಸರಂತೂ ತಗಿಯಂಗಿಲ್ಲಲೇ, ಓಡು" ಎಂದಿದ್ದಾರೆ. ಆದ್ದರಿಂದ ಅಮ್ಮಿಗೆ ಗೊತ್ತಾಗದಂತೆ ಒಂದು ಮುಷ್ಟಿ ಖೀಮಾ ಅಂದು ನನ್ನ ಪ್ಯಾಂಟಿನ ಹಿಂದಿನ ಜೇಬಿನಲ್ಲಿರುತ್ತದೆ. ತಮ್ಮ ಹಲ್ಲುಗಳು ಜೇಬಿನ ಬಟ್ಟೆಗೆ ಮಾತ್ರ ಸೀಮಿತವಾಗಿರಲಿ. ಅದರಾಚೆಯದು ಬಳಗದ ಆಸ್ತಿಯಲ್ಲ, ನನ್ನ ಸ್ವಂತದ್ದು.