ಅಮಾವಾಸ್ಯೆಯ ಮಾರ್ಮಲೇಡ್

“ನಾಡದ ಅಮಾಸಿಗೆ ಇಂಡಿ ಲಿಂಬಿಯ ಇತಿಹಾಸ ಬದಲಾಗ್ತದ, ಬರದಿಟ್ಕೋ!” ಎಂದು ಪ್ರಹ್ಲಾದರಾಯರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಘೋಷಿಸಿದರು.

“ಬದಲಾಗ್ಲಿ. ನನ್ನ ಒಲಿ ಮ್ಯಾಲ ಮಾತ್ರ ಬ್ಯಾಡ,” ಎಂದರು ಹೆಂಡತಿ ವರದಾಬಾಯಿ, ತಲೆ ಎತ್ತದೆ.

ರಾಯರು ಇಂಡಿ ಪೇಟೆಯ ಲಿಂಬಿ ವ್ಯಾಪಾರಿ. ಲಿಂಬಿಗೆ ಎರಡೇ ಬಗೆಯ ಗಿರಾಕಿ ಎಂಬುದು ಅವರ ಸಿದ್ಧಾಂತ: ಉಣ್ಣುವವರು ಮತ್ತು ಅಂಜುವವರು. ಉಣ್ಣುವವರು ಒತ್ತಿ ನೋಡಿ, ಮೂಸಿ ನೋಡಿ, ನಾಲ್ಕು ಅಂಗಡಿ ತಿರುಗಿ ಕೊಳ್ಳುತ್ತಾರೆ. ಅಂಜುವವರು ಅಮಾವಾಸ್ಯೆಯ ಬೆಳಿಗ್ಗೆ ಬಂದು, ಕೊಟ್ಟದ್ದನ್ನು ಬಾಯಿಮುಚ್ಚಿ ತೆಗೆದುಕೊಂಡು ಹೋಗುತ್ತಾರೆ. ಚೌಕಾಶಿ ಮಾಡಿದರೆ ಎಲ್ಲಿ ದೃಷ್ಟಿ ಇಳಿಯದೆ ಉಳಿದೀತೋ ಎಂಬ ದಿಗಿಲು! ರಾಯರು ಮಾತ್ರ ಯಾವುದಕ್ಕೂ ಅಂಜುವವರಲ್ಲ. ಹಾಗೆಂದು ಅವರೇ ಎಲ್ಲರಿಗೂ ಹೇಳಿದ್ದಾರೆ.

ಇತಿಹಾಸ ಬದಲಿಸುವ ತುರ್ತು ಬಂದದ್ದು ಅಗರಖೇಡದ ರಾವಸಾಬರಿಂದ. ಎಂಟುನೂರು ಗಿಡದ ಲಿಂಬಿ ತೋಟ ಅವರದು. ರಾಯರ ತಂದೆಯ ಕಾಲದಿಂದ ಆ ತೋಟದ ಹಣ್ಣು ಈ ಅಂಗಡಿಗೇ. ಕಾಗದವಿಲ್ಲ, ಪತ್ರವಿಲ್ಲ. ವರ್ಷಕ್ಕೊಮ್ಮೆ ರಾವಸಾಬರು ಮನೆಗೆ ಬಂದು, ಚಹಾ ಕುಡಿದು, “ಹೂಂ” ಎಂದು ಹೋದರೆ ಮುಗಿಯಿತು. ಆ ತೋಟ ಕೈಬಿಟ್ಟರೆ ಅಂಗಡಿಯಲ್ಲಿ ಉಳಿಯುವುದು ಎರಡೇ: ಒಂದು ತಕ್ಕಡಿ, ಇನ್ನೊಂದು ರಾಯರು. ಈ ಸಲ ಆ “ಹೂಂ” ಗಂಟಲಲ್ಲೇ ನಿಂತಿತ್ತು.

“ಸಿಂದಗಿ ವ್ಯಾಪಾರಿ ಸಿದ್ಧರಾಮ ಬಂದಿದ್ದ್ರಿ ರಾಯರ,” ಎಂದಿದ್ದರು ರಾವಸಾಬರು ಫೋನಿನಲ್ಲಿ. “ಲಿಂಬಿಲೇ ಅದೇನೋ ಮಾರ್ಮಲೇಡ್ ಅಂತ ಸಿಪ್ಪಿ ಮುರಬ್ಬಾ ಮಾಡಿ ಬಾಟ್ಲಿ ತುಂಬತಾನಂತ. ಬಾಟ್ಲಿ ಮ್ಯಾಲ ನನ್ನ ಹೆಸರು ಹಾಕತಾನಂತ. ನೀವ್ ನೋಡಿದ್ರ ಬರೇ ಚೀಲಾ ತುಂಬತೀರಿ.”

“ಮಾರ್ಮಲೇಡೇನ್ರಿ! ನಮ್ಮ ಮನ್ಯಾಗ ಅದನ್ನ ದಿನಾ ಚಪಾತಿಗೆ ಹಚ್ಕೊಂಡು ತಿಂತೀವಿ!” ಎಂದುಬಿಟ್ಟರು ರಾಯರು. ಜೀವಮಾನದಲ್ಲಿ ಅದರ ಬಣ್ಣ ಕಂಡವರಲ್ಲ. “ಅಮಾಸಿಗೆ ಬರ್ರಿ. ತಿಂದು ನೋಡಿ, ಆಮ್ಯಾಲ ಮಾತಾಡ್ರಿ.”

ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಎತ್ತಿಗೂ ರಜೆ, ಒಕ್ಕಲಿಗನಿಗೂ ರಜೆ. ರಾವಸಾಬರು ಒಪ್ಪಿದರು.

ವರದಾಬಾಯಿ ಬಸವನ ಬಾಗೇವಾಡಿಯ ಅಕ್ಕನ ಮನೆಗೆ ಹೊರಟರು. ಹೋಗುವಾಗ, “ಅಮಾಸಿ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ನನ್ನ ಡಬ್ಬಿ-ಬೋಗುಣಿ ಯಾವುದೂ ಮುಟ್ಟಬ್ಯಾಡ್ರಿ,” ಎಂದರು. ರಾಯರಿಗೆ ಅದು ಕೇಳಿಸಿತು. ಕೇಳಿಸಿದ್ದಕ್ಕೆಲ್ಲ ಕಿವಿಗೊಟ್ಟರೆ ವ್ಯಾಪಾರ ನಡೆಯುತ್ತದೆಯೇ?

ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತಾ ಹೇಳಿದಳು: ಸಿಪ್ಪೆ ಸಣ್ಣಗೆ ಹೆಚ್ಚಿ, ಬೀಜಗಳನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡನ್ನೂ ಇಡೀ ರಾತ್ರಿ ನೀರಲ್ಲಿ ನೆನೆಹಾಕಿ. ಬೀಜದಿಂದ ಅಂಟು ಬಿಡುತ್ತದೆ. ಮರುದಿನ ಸಕ್ಕರೆ ಹಾಕಿ ಕುದಿಸಿ, ಕೊನೆಗೆ ರಸ ಹಿಂಡಿ. ಬಣ್ಣ ಬಂಗಾರದ್ದು.

ಇಷ್ಟೇನಾ! ಮನೆಯಲ್ಲಿದ್ದ ತೆಳು ಬಿಳಿಬಟ್ಟೆಯೆಂದರೆ ರಾಯರ ಧೋತರ. ಅದನ್ನು ಹರಿಯಲು ಮನಸ್ಸಾಗಲಿಲ್ಲ. ಹೆಂಡತಿಯ ಪೆಟ್ಟಿಗೆಯಿಂದ ರವಿಕೆಗೆಂದಿಟ್ಟ ಒಂದು ಕೆಂಪು ಜಂಪರ್ ಪೀಸು ತೆಗೆದು ಹರಿದರು. ಕಟ್ಟಲು ಕೈಗೆ ಸಿಕ್ಕಿದ್ದು ಅಂಗಡಿಯಲ್ಲಿ ಲಿಂಬಿ-ಮೆಣಸಿನಕಾಯಿ ಪೋಣಿಸುವ ಕರಿದಾರ. ನೀರಿಗಾಗಿ ಹೊರಗೆ ಹೋಗುವುದೇಕೆ, ಒಲೆಯ ಬದಿಗೆ ಒಂದು ದೊಡ್ಡ ಬೋಗುಣಿಯಲ್ಲಿ ತಿಳಿನೀರು ಮುಚ್ಚಿಟ್ಟೇ ಇತ್ತು. ಗಂಟನ್ನೂ ಸಿಪ್ಪೆಯನ್ನೂ ಅದರಲ್ಲೇ ಮುಳುಗಿಸಿದರು. ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿ ಪೂಜೆಗೆ ಓಡುವ ಗಡಿಬಿಡಿಯಲ್ಲಿ, ಬಂಗಾರದ ಬಣ್ಣಕ್ಕೆಂದು ಒಂದು ಹಿಡಿ ಅರಿಸಿನ ಒಗೆದು, ನೋಡದೆಯೇ ತಟ್ಟೆ ಮುಚ್ಚಿ, ಬೋಗುಣಿಯನ್ನು ಹಿತ್ತಲ ಕಟ್ಟೆಗೆ ಸಾಗಿಸಿ ಹೋದರು.

ಮಧ್ಯಾಹ್ನ ಹನ್ನೆರಡಕ್ಕೆ ಮರಳಿದಾಗ ಮನೆ ಸದ್ದಿಲ್ಲದೆ ನಿಂತಿತ್ತು. ಗಾಳಿ ಸತ್ತಿತ್ತು. ಹಿತ್ತಲ ಬೇವಿನ ಗಿಡದಲ್ಲಿ ದಿನವೂ ಜಗಳಾಡುವ ಕಾಗೆಗಳು ಸಾಲಾಗಿ ಕುಳಿತು, ಒಂದೇ ಕಡೆ ಕೆಳಗೆ ನೋಡುತ್ತಿದ್ದವು. ಮುಸುರೆ ತಿಕ್ಕುವ ಹನಮವ್ವ ಕಟ್ಟೆಯ ಮುಂದೆ ತಟ್ಟೆ ಕೈಯಲ್ಲಿ ಹಿಡಿದು ಕಂಬವಾಗಿದ್ದಳು.

“ಸಾವ್ಕಾರ್ರ,” ಅಂದಳು, ತುಟಿ ಅಲುಗಿಸದೆ. “ಮುಂದ ಬರಬ್ಯಾಡ್ರಿ.”

ರಾಯರು ಇಣುಕಿದರು.

ನೀರು ಬಂಗಾರದ ಬಣ್ಣಕ್ಕಿರಲಿಲ್ಲ. ರಕ್ತದ ಬಣ್ಣಕ್ಕಿತ್ತು! ಅದು ನೀರೂ ಆಗಿರಲಿಲ್ಲ; ಹೆಪ್ಪುಗಟ್ಟಿ, ಬೋಗುಣಿಯ ಅಂಚಿಗೆ ಅಂಟಿ, ಮುಟ್ಟದಿದ್ದರೂ ಸಣ್ಣಗೆ ನಡುಗುತ್ತಿತ್ತು. ತಳಕ್ಕೆ ಮುಳುಗಿಸಿಟ್ಟಿದ್ದ ಗಂಟು ತಾನಾಗಿ ಮೇಲೆ ಬಂದಿತ್ತು. ಉಬ್ಬಿತ್ತು. ಕರಿದಾರದ ಸಂದಿಯಿಂದ ಏನೋ ಲೋಳೆ ನಿಧಾನವಾಗಿ ಒಸರಿ, ಒಂದು ಗುಳ್ಳೆ ಎದ್ದು, “ಪುಸ್” ಎಂದು ಒಡೆಯಿತು. ಯಾರೋ ಉಸಿರು ಬಿಟ್ಟಂತೆ.

“ಗುಂಡಿಗಿ ಬಡಕೊಂಡಂಗ ಬಡಕೊಳ್ಳಾಕತೈತಿ ನೋಡ್ರಿ. ನಿಮ್ಮ ಮನಿಗೆ ಯಾರೋ ಮಾಟ ಮಾಡ್ಸ್ಯಾರ!”

“ಹುಚ್ಚಿ! ಅದನ್ನ ಮಾಡಿದಾಂವ ನಾನs.”

ಹನಮವ್ವ ಎರಡು ಹೆಜ್ಜೆ ಹಿಂದೆ ಸರಿದಳು. “ನೀವ ಮಾಡೀರಿ?”

“ಅಂದ್ರ... ಇಷ್ಟು ಮಾಡಿಲ್ಲ ನಾ,” ಎಂದರು ರಾಯರು. ಅವರ ದನಿ ಅವರಿಗೇ ಪರಕೀಯವಾಗಿ ಕೇಳಿತು. ತಾವು ಇಟ್ಟದ್ದು ಸಿಪ್ಪೆ, ಬೀಜ, ಅರಿಸಿನ. ಜಂಪರ್ ಪೀಸು ಬಣ್ಣ ಬಿಟ್ಟಿತೆಂದರೂ ಇಷ್ಟು ಕೆಂಪು ಎಲ್ಲಿಂದ ಬಂತು? ಇಟ್ಟದ್ದರ ಮೇಲೆ ಬೇರೆ ಯಾರೋ ಕೈಯಾಡಿಸಿದ್ದಾರೆಯೇ? ಸಿಂದಗಿಯ ಸಿದ್ಧರಾಮನ ಕೈ ಇಲ್ಲಿಯವರೆಗೂ ಉದ್ದ ಬಂತೇ?

ರಾವಸಾಬರು ಬರುವ ಹೊತ್ತಾಗಿತ್ತು. ಆ ಮನುಷ್ಯ ಹಾವನ್ನು ಬಾಲ ಹಿಡಿದು ಬಿಸಾಡುವ ಧೀರ. ಆದರೆ ಮಾಟದ ಹೆಸರೆತ್ತಿದರೆ ಮೂರು ದಿನ ಜ್ವರ. ಇದನ್ನು ಕಂಡರೆ ತೋಟ ಹೋಯಿತೆಂದೇ ಲೆಕ್ಕ!

“ಮೂರು ಹಾದಿ ಕೂಡೂವಲ್ಲಿ ಚೆಲ್ಲಿ ಬರ್ರಿ,” ಎಂದು ಹನಮವ್ವ ಒಂದು ಇಡೀ ಲಿಂಬಿಯನ್ನೂ ಕೈಗಿಟ್ಟಳು. “ಇದನ್ನ ಅದರ ಮ್ಯಾಲ ಹಿಂಡ್ರಿ. ಹಾದ್ಯಾಗ ಯಾರ ಜೋಡಿನೂ ಮಾತಾಡಬ್ಯಾಡ್ರಿ. ಹಿಂದ ತಿರುಗಿ ನೋಡಬ್ಯಾಡ್ರಿ. ನೋಡಿದ್ರ ಅದು ಬೆನ್ನ ಹತ್ತತೈತಿ.”

ರಾಯರಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ನಂಬದಿರಲು ಅಮಾವಾಸ್ಯೆಯೇ ಆಗಬೇಕೆಂದಿಲ್ಲವಲ್ಲ, ನಾಳೆಯಿಂದಲೂ ನಂಬದಿರಬಹುದು!

ಬೋಗುಣಿ ಹೊತ್ತು ಹೊರಟರು. ನಡುಹಗಲು, ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ತಮ್ಮ ನೆರಳೂ ಕಾಲಡಿಯಲ್ಲಿ ಅವಿತು ಕುಳಿತಿತ್ತು. ದಿನವೂ ಬಿಸ್ಕಿಟಿಗಾಗಿ ಬಾಲ ಆಡಿಸುವ ಓಣಿಯ ನಾಯಿ ಎದ್ದಿತು, ಬೋಗುಣಿಯನ್ನು ನೋಡಿತು, ಬಾಲವನ್ನು ಮಡಚಿಟ್ಟುಕೊಂಡು ಗಟಾರಕ್ಕಿಳಿಯಿತು. ಹೆಜ್ಜೆ ಇಟ್ಟಾಗಲೆಲ್ಲ ಬೋಗುಣಿಯೊಳಗೆ “ಲೊಳಕ್... ಲೊಳಕ್...” ರಾಯರು ನಿಂತರು. ಸದ್ದು ನಿಲ್ಲಲಿಲ್ಲ. ಇನ್ನೂ ಎರಡು ಸಲ “ಲೊಳಕ್” ಎಂದು, ತನ್ನ ಮನಸ್ಸಿಗೆ ಬಂದಾಗ ನಿಂತಿತು. ಕತ್ತಿನ ಹಿಂದೆ ಯಾರೋ ತಣ್ಣಗೆ ಊದಿದಂತಾಯಿತು. ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ. ರಾಯರ ಕತ್ತು ಅಷ್ಟು ವಿಧೇಯವಾಗಿ ನೇರ ನಿಂತದ್ದು ಮದುವೆಯ ಮಂಟಪದ ನಂತರ ಇದೇ ಮೊದಲು!

ಮೂರು ಹಾದಿ ಕೂಡುವಲ್ಲಿ ಬೋಗುಣಿ ಇಳಿಸಿದರು. ಅಷ್ಟರಲ್ಲಿ ಎದುರಿಗೇ ಒಂದು ಮೋಟಾರ್ ಸೈಕಲ್ ಬಂದು ನಿಂತಿತು.

“ಏನ್ರಿ ರಾಯರ, ಬಿಸಲಾಗ ಇಲ್ಲಿ?” ರಾವಸಾಬರು!

ರಾಯರು ಮಾತಾಡಲಿಲ್ಲ. ಮುಂದೆ ಹೋಗಿ ಎಂದು ಕೈಮಾಡಿದರು.

“ಯಾಕ್ರಿ, ಬಾಯಿ ಬಿದ್ದೈತೇನು? ಅಲ್ಲೇನ್ ಇಟ್ಟೀರಿ?”

ರಾಯರು ಕಣ್ಣರಳಿಸಿ, ಎರಡೂ ಕೈ ಬೀಸಿದರು. ಹೋಗಿ ಎಂಬ ಅರ್ಥದಲ್ಲಿ. ನೋಡುವವರಿಗೆ ಅದು ಮೈಮೇಲೆ ಬಂದ ಭಂಗಿ. ರಾವಸಾಬರು ಬಗ್ಗಿ ನೋಡಿದರು. ಕೆಂಪು ಹೆಪ್ಪು, ಕರಿದಾರದ ಗಂಟು, ಲಿಂಬಿ, ಅಮಾವಾಸ್ಯೆ, ನಡುಹಗಲು, ಮಾತಾಡದ ಮನುಷ್ಯ. ಅವರ ಮೀಸೆ ಇಳಿಯಿತು.

“ಯಾರ ಸಲುವಾಗಿ ಮಾಡೀರಿ ಇದನ್ನ?”

ಇನ್ನು ಸುಮ್ಮನಿದ್ದರೆ ತೋಟವೇ ಹೋಗುತ್ತದೆ. ರಾಯರು ಬಾಯಿ ಬಿಟ್ಟರು. “ನಿಮ್ಮ ಸಲುವಾಗೇ ಮಾಡೀನ್ರಿ!”

“ನನ್ನ ಸಲುವಾಗೇ?”

“ನಿಮ್ಮ ತ್ವಾಟದ ಲಿಂಬಿಲೇನ ಮಾಡೀನಿ! ಎರಡು ದಿನದಿಂದ ನಿಮ್ಮ ಹಾದಿನ ನೋಡ್ಲಿಕ್ಕತ್ತಿದ್ದೆ. ಇವತ್ತು ಮನಿಗೆ ಬಂದ್ರ ನಿಮಗ ತಿನಸಾಂವಿದ್ದೆ!”

“ತಿನಸವರಿದ್ರಿ?”

“ಅಂಜಬ್ಯಾಡ್ರಿ, ಇದಿನ್ನೂ ಅರ್ಧಾ ಆಗೇದ. ಇಲ್ಲಿ ನೋಡ್ರಿ, ರಸ ಬಿದ್ರ ಎಲ್ಲಾ ಸರಿಹೋಗ್ತದ!” ರಾಯರು ಕೈಯಲ್ಲಿದ್ದ ಲಿಂಬಿಯನ್ನು ಹಲ್ಲಿನಿಂದ ಕಚ್ಚಿ, ಬೋಗುಣಿಯ ಮೇಲೆ ಹಿಂಡಿದರು.

ರಸ ಬಿದ್ದಲ್ಲೆಲ್ಲ ಕೆಂಪು ಸರಿಯತೊಡಗಿತು. ಕಣ್ಣೆದುರಿಗೇ! ಕೆಂಪಿನೊಳಗಿಂದ ಒಂದು ಹಳದಿ ಕಣ್ಣು ತೆರೆಯಿತು. ಅದು ಅಗಲವಾಯಿತು. ಅದರ ಪಕ್ಕ ಇನ್ನೊಂದು ತೆರೆಯಿತು. ಎರಡೂ ಕೂಡಿ ರಾವಸಾಬರನ್ನು ದಿಟ್ಟಿಸಿದವು.

ಕಿಕ್ ಹೊಡೆದದ್ದು ಕೇಳಿಸಿತು. ಧೂಳು ಕಾಣಿಸಿತು. ರಾವಸಾಬರು ಮಾತ್ರ ಕಾಣಿಸಲಿಲ್ಲ.

ಇತ್ತ ಬೋಗುಣಿಯನ್ನು ಅಲ್ಲೇ ಬಿಟ್ಟು ರಾಯರೂ ಓಡಿದರು. ಅವರು ಹಿಂದೆ ತಿರುಗಿ ನೋಡಿದರೋ ಇಲ್ಲವೋ, ಅದನ್ನು ಇಂದಿಗೂ ಹೇಳುವುದಿಲ್ಲ. ಮನೆಗೆ ಬಂದರೆ ವರದಾಬಾಯಿ ಬಸ್ಸಿಳಿದು ಬಂದು ಅಡುಗೆಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ನನ್ನ ಸುಣ್ಣದ ತಿಳಿ ಎಲ್ಲಿ?”

“ಯಾವ ಸುಣ್ಣ?”

“ಒಲಿ ಬಾಜೂಕ ಇಟ್ಟಿದ್ನಲ್ಲಾ, ಪೇಠಾ ಮಿಠಾಯಿಗೆ ಬೂದಗುಂಬಳದ ಹೋಳು ನೆನಿಹಾಕ್ಲಿಕ್ಕೆ!”

“ನೀರಂತ ತಿಳಕೊಂಡೆ. ಅದರಾಗ ಅರಿಸಿನಾ ಹಾಕಿದೆ.”

ವರದಾಬಾಯಿ ಹಣೆ ಬಡಿದುಕೊಂಡರು. “ಅರಿಸಿನಕ್ಕ ಸುಣ್ಣಾ ಕೂಡಿದ್ರ ಕೆಂಪಾಗ್ತದಂತ ಸಣ್ಣ ಹುಡುಗ್ಯಾರಿಗೂ ಗೊತ್ತದ! ಆರತಿಗೆ ದಿನಾ ಮಾಡ್ತೀವಿ! ಹುಳಿ ಬಿದ್ರ ತಿರುಗಿ ಹಳದಿ ಆಗ್ತದ. ಮತ್ತ ಆ ಬೀಜದ ಅಂಟು ಸುಣ್ಣದಾಗ ಹೆಪ್ಪುಗಟ್ಟದ ಇನ್ನೇನ್ ಮಾಡ್ತದ? ಐವತ್ತೆರಡು ವರ್ಷ ಲಿಂಬಿ ನಡುವ ಬೆಳದೀರಿ, ಇಷ್ಟು ತಿಳೀಲಿಲ್ಲೇನ್ರಿ ನಿಮಗ?”

“ಹಂಗಾದ್ರ, ನಾನು ನಿಂತ ಮ್ಯಾಲೂ ಅದು ಲೊಳಕ್ ಅಂದದ್ದು?”

“ಅದು ಗೊತ್ತಿಲ್ಲ ನನಗ,” ಎಂದು ವರದಾಬಾಯಿ ಹೋಗಿ ಹಿತ್ತಲ ಬಾಗಿಲು ಹಾಕಿದರು.

ನಾಲ್ಕು ದಿನ ಅಗರಖೇಡದಿಂದ ಸುದ್ದಿಯಿಲ್ಲ. ರಾಯರ ಫೋನನ್ನು ರಾವಸಾಬರು ಎತ್ತಲಿಲ್ಲ. ಸಿದ್ಧರಾಮ ಎರಡು ಸಲ ತೋಟಕ್ಕೆ ಹೋಗಿಬಂದನೆಂಬ ಸುದ್ದಿ ಮಾತ್ರ ಪೇಟೆಗೆ ಸರಿಯಾಗಿ ತಲುಪಿತು. ರಾಯರು ಊಟ ಬಿಟ್ಟರು. ಐದನೆಯ ದಿನ ವರದಾಬಾಯಿ ಸೀರೆ ಬದಲಿಸಿ, “ಏಳ್ರಿ, ಗಾಡಿ ತಗೀರಿ,” ಎಂದರು. “ಹೋಗಿ ಇದ್ದದ್ದು ಇದ್ಹಂಗ ಹೇಳಿಬರೋಣ.”

ತೋಟದ ಬೇಲಿಯ ಹತ್ತಿರ ಗಾಡಿ ನಿಂತಿತು. ಒಳಗೆ ರಾವಸಾಬರು ಬಾವಿಯ ಕಟ್ಟೆಯ ಮೇಲಿಂದ ಎದ್ದುನಿಂತದ್ದು ಕಂಡಿತು. ವರದಾಬಾಯಿ, “ನೀವಿಲ್ಲೇ ಕೂಡ್ರಿ. ನಾ ಮೊದಲ ಮಾತಾಡಿ, ಅವರ ಅಂಜಿಕಿ ಬಿಡಸ್ತೀನಿ,” ಎಂದು ಒಬ್ಬರೇ ಒಳಗೆ ಹೋದರು.

ರಾಯರು ಗಾಡಿಯಲ್ಲಿ ಕುಳಿತೇ ಕುಳಿತರು. ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದರು: ಸುಣ್ಣ, ಅರಿಸಿನ, ಹುಳಿ, ಕ್ಷಮಿಸ್ರಿ. ನಾಲ್ಕನೆಯ ಸಲ ಒಪ್ಪಿಸುವಷ್ಟರಲ್ಲಿ ವರದಾಬಾಯಿ ಮರಳಿ ಬಂದು ಪಕ್ಕದಲ್ಲಿ ಕುಳಿತರು.

“ಆತು, ನಡೀರಿ. ತ್ವಾಟ ನಮಗs ಬಿಟ್ಟಾರ. ಒಂದಲ್ಲ, ಮೂರು ವರ್ಷಕ್ಕ.”

“ಮೂರು ವರ್ಷಕ್ಕ!” ರಾಯರು ಹಿಗ್ಗಿ ಹೋದರು. “ನೋಡು, ಖರೇ ಹೇಳಿದ್ರ ತಿಳೀದವರು ಯಾರದಾರ! ಸುಣ್ಣದ ವಿಷಯ ಹೆಂಗ ತಿಳಿಸಿ ಹೇಳಿದಿ?”

“ಅಲ್ಲೀತನಕ ಮಾತs ಹೋಗ್ಲಿಲ್ರಿ,” ಎಂದರು ವರದಾಬಾಯಿ, ಸೆರಗು ಸರಿಮಾಡಿಕೊಳ್ಳುತ್ತಾ. “‘ನಮ್ಮನಿಯವರೂ ಬಂದಾರ, ಹೊರಗ ಕೂತಾರ, ಒಳಗ ಕರೀಲೇನು’ ಅಂತ ಅಷ್ಟs ಕೇಳಿದೆ.”